ವಕೀಲರ ನೆರವಿನ ಹಕ್ಕು: ಭಾರತದ ಕ್ರಿಮಿನಲ್ ವಿಚಾರಣೆಗಳಲ್ಲಿ

ಅಪರಾಧದ ಆಪಾದನೆ ಹೊತ್ತವರು ತಮಗೆ ಬೇಕಾದ ವಕೀಲರನ್ನು ಕಂಡು ಮಾತನಾಡುವ, ಅವರ ಮೂಲಕ ನ್ಯಾಯಾಲಯದಲ್ಲಿ ತಮ್ಮ ಪರ ವಾದ ಮಾಡಿಸುವ, ಕೈಯಲ್ಲಿ ಹಣವಿಲ್ಲದಿದ್ದರೆ ಸರ್ಕಾರದ ಖರ್ಚಿನಲ್ಲೇ ವಕೀಲರನ್ನು ಪಡೆಯುವ ಹಕ್ಕು. ಸಂವಿಧಾನದ ಮೂರು ವಿಧಿಗಳು ಇದಕ್ಕೆ ಆಧಾರ. 22(1)ನೇ ವಿಧಿಯ ಪ್ರಕಾರ, ಬಂಧಿತರಿಗೆ ಬಂಧನದ ಕಾರಣವನ್ನು ಆದಷ್ಟು ಬೇಗ ತಿಳಿಸಬೇಕು. ತಮ್ಮ ಆಯ್ಕೆಯ ವಕೀಲರೊಡನೆ ಸಮಾಲೋಚಿಸುವ, ಅವರಿಂದ ಪ್ರತಿರಕ್ಷಣೆ ಪಡೆಯುವ ಹಕ್ಕನ್ನು ಅವರಿಗೆ ನಿರಾಕರಿಸುವಂತಿಲ್ಲ. 21ನೇ ವಿಧಿ, ಕಾನೂನು ಗೊತ್ತುಪಡಿಸಿದ ಪ್ರಕ್ರಿಯೆಯ ಹೊರತಾಗಿ ಯಾರ ಜೀವವನ್ನೂ ಸ್ವಾತಂತ್ರ್ಯವನ್ನೂ ಕಸಿಯಬಾರದು ಎನ್ನುತ್ತದೆ. 1976ರ 42ನೇ ತಿದ್ದುಪಡಿಯಲ್ಲಿ ಸೇರಿದ 39ಎ ವಿಧಿ, ಬಡತನದ ಕಾರಣಕ್ಕೆ ಯಾರಿಗೂ ನ್ಯಾಯ ತಪ್ಪದಂತೆ ಉಚಿತ ಕಾನೂನು ನೆರವು ಒದಗಿಸಬೇಕೆಂದು ಸರ್ಕಾರಕ್ಕೆ ಹೇಳುತ್ತದೆ.

ವಕೀಲರನ್ನು ಇಟ್ಟುಕೊಳ್ಳಬಲ್ಲವರ ಹಕ್ಕು 1950ರಲ್ಲೇ ಸಂವಿಧಾನದಲ್ಲಿ ಅಚ್ಚಾಗಿತ್ತು. ಇಟ್ಟುಕೊಳ್ಳಲಾರದವರ ಹಕ್ಕು ನ್ಯಾಯಾಲಯಗಳ ತೀರ್ಪಿನಲ್ಲಿ ಮೂಡಿಬರಲು ಇನ್ನೂ ಮೂವತ್ತು ವರ್ಷ ಬೇಕಾಯಿತು. ಆ ಇಡೀ ಚರಿತ್ರೆಯಲ್ಲಿ ಒಂದೇ ಪ್ರಶ್ನೆ ಮತ್ತೆ ಮತ್ತೆ ಎದುರಾಗುತ್ತದೆ: ಮೊದಲು ಬಾಯಿ ತೆರೆಯಬೇಕಾದವರು ಯಾರು? ‘ನನಗೆ ವಕೀಲರು ಬೇಕು’ ಎಂದು ಆರೋಪಿ ಬೇಡಬೇಕೋ, ‘ನಿನಗೆ ವಕೀಲರಿದ್ದಾರೆಯೇ’ ಎಂದು ನ್ಯಾಯಾಧೀಶರು ವಿಚಾರಿಸಬೇಕೋ?

ವಕೀಲರು ಮಾಡುವ ಕೆಲಸ

ಕ್ರಿಮಿನಲ್ ವಿಚಾರಣೆಯೆಂದರೆ ಬಹುಮಟ್ಟಿಗೆ ಸಾಕ್ಷಿಗಳ ವಿಚಾರಣೆ. ಸರ್ಕಾರಿ ಅಭಿಯೋಜಕರು ಮುಖ್ಯ ವಿಚಾರಣೆಯಲ್ಲಿ ತಮ್ಮ ಸಾಕ್ಷಿಯಿಂದ ಹೇಳಿಕೆ ಹೊರಡಿಸುತ್ತಾರೆ. ಆಮೇಲೆ ಆರೋಪಿಯ ವಕೀಲರು ಪಾಟೀಸವಾಲು ಮಾಡುತ್ತಾರೆ. ಕೊಲೆ ಪ್ರಕರಣವೊಂದರಲ್ಲಿ ಪಂಚರೊಬ್ಬರು ಕಟಕಟೆ ಹತ್ತಿ, ಆರೋಪಿ ತೋರಿಸಿದ ಜಾಗದಲ್ಲೇ ಮಚ್ಚು ಸಿಕ್ಕಿತು, ಮಹಜರಿಗೆ ತಾವೇ ಸಹಿ ಹಾಕಿದ್ದು ಎಂದು ಹೇಳಿದರೆನ್ನಿ. ವಕೀಲರು ಕೇಳುವ ಪ್ರಶ್ನೆಗಳೇನೂ ಪಾಂಡಿತ್ಯದವಲ್ಲ. ಮಹಜರು ಬರೆದದ್ದು ಹೊಲದಲ್ಲೋ ಠಾಣೆಯಲ್ಲೋ? ಬರೆದವರು ಯಾರು? ನಿಮಗೆ ಓದಿ ಹೇಳಿದರೇ? ಸತ್ತವರು ನಿಮಗೇನಾಗಬೇಕು? ಇದೇ ಠಾಣೆಯ ಬೇರೆ ಎಷ್ಟು ಮಹಜರುಗಳಿಗೆ ನಿಮ್ಮ ಸಹಿ ಇದೆ? ಇಷ್ಟು ಕೇಳುವುದರೊಳಗೆ ಎಷ್ಟೋ ಮಹಜರುಗಳು ಹೊಲದಿಂದ ಠಾಣೆಯ ಮೇಜಿಗೆ ಬಂದು ಬಿದ್ದಿರುತ್ತವೆ.

ಕೇಳುವವರು ಇಲ್ಲದಿದ್ದರೆ ನ್ಯಾಯಾಧೀಶರು ಆರೋಪಿಯತ್ತ ತಿರುಗಿ, ‘ಏನಾದರೂ ಕೇಳುವುದಿದೆಯೇನಪ್ಪಾ?’ ಎನ್ನುತ್ತಾರೆ. ಕೈಮುಗಿದು ನಿಂತವನು ‘ಇಲ್ಲ ಸ್ವಾಮಿ’ ಎನ್ನುತ್ತಾನೆ. ಇಲ್ಲವೇ ‘ಇವರು ಸುಳ್ಳು ಹೇಳ್ತಿದ್ದಾರೆ’ ಎಂದು ಕೂಗುತ್ತಾನೆ. ಕೂಗಿದ್ದು ಪ್ರಶ್ನೆ ಎನಿಸಿಕೊಳ್ಳುವುದಿಲ್ಲ. ಹೇಳಿಕೆಯ ಹಾಳೆಯ ತಳದಲ್ಲಿ ‘ಪಾಟೀಸವಾಲು: ಇಲ್ಲ’ ಎಂದು ದಾಖಲಾಗುತ್ತದೆ. ಯಾರೂ ಅಲ್ಲಗಳೆಯದ ಆ ಮಾತು ಮೇಲ್ಮನವಿಯವರೆಗೂ ಆರೋಪಿಯ ಬೆನ್ನು ಬಿಡುವುದಿಲ್ಲ.

ವಿಚಾರಣೆ ಶುರುವಾಗುವ ಮುಂಚೆಯೂ ವಕೀಲರಿಗೆ ಅಷ್ಟೇ ಕೆಲಸವಿದೆ. ಪೊಲೀಸರು 60 ದಿನಗಳೊಳಗೆ, ಗಂಭೀರ ಅಪರಾಧವಾದರೆ 90 ದಿನಗಳೊಳಗೆ, ದೋಷಾರೋಪ ಪಟ್ಟಿ ಸಲ್ಲಿಸದಿದ್ದರೆ ಬಂಧಿತರಿಗೆ ಜಾಮೀನು ಹಕ್ಕಾಗಿ ಸಿಗುತ್ತದೆ. ಆದರೆ ಪಟ್ಟಿ ಬಂದು ಬೀಳುವುದಕ್ಕೆ ಮೊದಲೇ ಅದನ್ನು ಕೇಳಬೇಕು. ದಿನ ಎಣಿಸಿ, 61ನೇ ಬೆಳಗ್ಗೆ ಕೋರ್ಟಿನ ಬಾಗಿಲಲ್ಲಿ ಅರ್ಜಿ ಹಿಡಿದು ನಿಲ್ಲಲು ಹೊರಗೆ ಒಬ್ಬರು ಇರಬೇಕು. ಸೆರೆಮನೆಯೊಳಗಿನ ಅನಕ್ಷರಸ್ಥನಿಗೆ ಇಂಥದೊಂದು ಹಕ್ಕಿದೆ ಎಂಬುದೇ ಗೊತ್ತಿರುವುದಿಲ್ಲ.

ಬ್ರಿಟಿಷರು ತಂದ ರೂಢಿ

ವಕೀಲರ ಹಕ್ಕು ಇಂಗ್ಲೆಂಡಿನಿಂದ ಬಂದ ಬಳುವಳಿ ಎಂದು ನಂಬುವವರು ಒಂದು ಸಂಗತಿಯನ್ನು ಮರೆಯಬಾರದು. ಇಂಗ್ಲೆಂಡಿನಲ್ಲಿ ರಾಜದ್ರೋಹದ ಆರೋಪಿಗಳಿಗೆ 1696ರಲ್ಲಿ ವಕೀಲರ ಹಕ್ಕು ಸಿಕ್ಕರೂ, ಕೊಲೆ, ದರೋಡೆ, ಫೋರ್ಜರಿಯಂಥ ಘೋರ ಅಪರಾಧಗಳ ಆರೋಪಿಗಳ ಪರವಾಗಿ ವಕೀಲರು ಜೂರಿಯ ಮುಂದೆ ಪೂರ್ಣ ವಾದ ಮಂಡಿಸಲು 1836ರ ಕಾಯ್ದೆಯೇ ಬರಬೇಕಾಯಿತು. ಸಾಲಗಾರ ವಕೀಲರನ್ನು ಇಡಬಹುದಿತ್ತು. ನೇಣಿನ ಕುಣಿಕೆ ಎದುರಿಗಿದ್ದವನು ತನ್ನ ಮಾತನ್ನು ತಾನೇ ಆಡಬೇಕಿತ್ತು.

ಈ ರೂಢಿಗೆ ಬಂಗಾಳದಲ್ಲಿ ಬಲಿಯಾದವರು ಮಹಾರಾಜ ನಂದಕುಮಾರ್. ವಾರನ್ ಹೇಸ್ಟಿಂಗ್ಸ್ ಮೇಲೆ ಲಂಚದ ಆಪಾದನೆ ಹೊರಿಸಿದ್ದ ಅವರನ್ನು 1775ರ ಜೂನ್‌ನಲ್ಲಿ ಫೋರ್ಜರಿ ಆರೋಪದ ಮೇಲೆ ಕಲ್ಕತ್ತೆಯ ಸುಪ್ರೀಂ ಕೋರ್ಟಿನಲ್ಲಿ, ಇಂಗ್ಲಿಷ್ ಕಾನೂನಿನಡಿ, ಯುರೋಪಿಯನ್ ಜೂರಿಯ ಮುಂದೆ ನಿಲ್ಲಿಸಲಾಯಿತು. ಫ್ಯಾರರ್ ಎಂಬ ವಕೀಲರು ಅವರ ಪರ ಇದ್ದರು. ಕಾನೂನಿನ ಅಂಶಗಳನ್ನು ವಾದಿಸಲು, ಸಾಕ್ಷಿಗಳನ್ನು ಪ್ರಶ್ನಿಸಲು ಅವರಿಗೆ ಅವಕಾಶವಿತ್ತು. ಜೂರಿಯನ್ನು ಉದ್ದೇಶಿಸಿ ಒಟ್ಟು ಸಂಗತಿಗಳನ್ನು ವಿವರಿಸಲು ಇರಲಿಲ್ಲ. ಅದೇ ವರ್ಷದ ಆಗಸ್ಟ್ 5ರಂದು ನಂದಕುಮಾರರನ್ನು ಗಲ್ಲಿಗೇರಿಸಿದರು. ವಕೀಲರು ಪಕ್ಕದಲ್ಲಿ ನಿಂತಿದ್ದರೆ ಸಾಲದು, ಅವರಿಗೆ ವಾದಿಸಲೂ ಬಿಡಬೇಕು ಎಂಬ ಪಾಠ ಈ ನೆಲದಲ್ಲಿ ಅಷ್ಟು ಹಳೆಯದು.

1898ರ ದಂಡ ಪ್ರಕ್ರಿಯಾ ಸಂಹಿತೆ ತನ್ನ 340ನೇ ಪ್ರಕರಣದಲ್ಲಿ, ಕ್ರಿಮಿನಲ್ ನ್ಯಾಯಾಲಯದ ಮುಂದಿರುವ ಯಾವ ಆರೋಪಿಯೂ ವಕೀಲರ ಮೂಲಕ ಪ್ರತಿರಕ್ಷಣೆ ಪಡೆಯಬಹುದು ಎಂದಿತು. ಶುಲ್ಕ ಯಾರು ಕೊಡಬೇಕೆಂಬ ಮಾತು ಅಲ್ಲಿರಲಿಲ್ಲ. (2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಇದೇ ಹಕ್ಕು ಬಂದು ಕೂತಿರುವುದು 340ನೇ ಪ್ರಕರಣದಲ್ಲೇ. ನಡುವಿನ 1973ರ ಸಂಹಿತೆಯಲ್ಲಿ ಅದು 303 ಆಗಿತ್ತು.)

ಸಂವಿಧಾನ ಸಭೆಯಲ್ಲಿ

ಈಗಿನ 22ನೇ ವಿಧಿ ಮೊದಲ ಕರಡಿನಲ್ಲಿ ಇರಲಿಲ್ಲ. ಈಗಿನ 21ನೇ ವಿಧಿಗೆ ‘ಕಾನೂನು ಗೊತ್ತುಪಡಿಸಿದ ಪ್ರಕ್ರಿಯೆ’ ಎಂಬ ಮಾತನ್ನು ಆರಿಸಿಕೊಂಡಾಗ, ಸಂಸತ್ತು ಎಂಥ ಕಾನೂನು ಮಾಡಿದರೂ ಅದೇ ಪ್ರಕ್ರಿಯೆಯಾಗಿಬಿಡುತ್ತದೆ ಎಂಬ ಅಸಮಾಧಾನ ಸಭೆಯ ಹಲವರಲ್ಲಿ ಉಳಿಯಿತು. ಅಂಬೇಡ್ಕರ್ ಅವರನ್ನೂ ಆ ಕೊರತೆ ಕಾಡಿತ್ತು. 1949ರ ಸೆಪ್ಟೆಂಬರ್ 15ರಂದು ಅವರು 15ಎ ಎಂಬ ಹೊಸ ವಿಧಿಯನ್ನು ಮಂಡಿಸಿ, ಅಲ್ಲಿ ಆದ ನಷ್ಟವನ್ನು ಇಲ್ಲಿ ತುಂಬಿಕೊಡುವ ಪ್ರಯತ್ನವಿದು ಎಂಬ ಅರ್ಥದಲ್ಲಿ ವಿವರಿಸಿದರು. ಬಂಧನದ ಕಾರಣ ತಿಳಿಸುವುದು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸುವುದು, ವಕೀಲರನ್ನು ಕಾಣಗೊಡುವುದು, ಇವು ಅದರ ತಿರುಳು. ಮಂಡಿಸಿದ ಪಠ್ಯದಲ್ಲಿ ವಕೀಲರೊಡನೆ ‘ಸಮಾಲೋಚಿಸುವ’ ಹಕ್ಕು ಮಾತ್ರ ಇತ್ತು. ಸಮಾಲೋಚನೆ ಬೇರೆ, ಕೋರ್ಟಿನಲ್ಲಿ ಎದ್ದು ನಿಂತು ವಾದಿಸುವುದು ಬೇರೆ ಎಂದು ಸದಸ್ಯರು ಎತ್ತಿ ತೋರಿಸಿದಾಗ ಅಂಬೇಡ್ಕರ್ ಒಪ್ಪಿ, ‘ಪ್ರತಿರಕ್ಷಣೆ ಪಡೆಯುವ’ ಎಂಬ ಮಾತನ್ನೂ ಸೇರಿಸಿದರು. ಇಂದು ದೇಶದ ಯಾವುದೇ ಕೋರ್ಟಿನಲ್ಲಿ ವಕೀಲರು ವಕಾಲತ್ತು ಹಾಕಿ ಆರೋಪಿಯ ಪರ ಎದ್ದು ನಿಲ್ಲುವಾಗ ಆ ಸೇರ್ಪಡೆಯೇ ಅವರ ಬೆನ್ನಿಗಿರುತ್ತದೆ.

ಮೊದಲ ದಶಕಗಳ ನಿರಾಸೆ

ಗಣರಾಜ್ಯಕ್ಕೆ ಇನ್ನೂ ವರ್ಷ ತುಂಬುವಷ್ಟರಲ್ಲೇ ಈ ಹಕ್ಕು ಪರೀಕ್ಷೆಗೆ ಬಂತು. ತೆಲಂಗಾಣದ ಸಶಸ್ತ್ರ ಹೋರಾಟದ ಪ್ರಕರಣಗಳಲ್ಲಿ ಹೈದರಾಬಾದ್ ರಾಜ್ಯದ ವಿಶೇಷ ನ್ಯಾಯಮಂಡಳಿಯಿಂದ ಮರಣದಂಡನೆಗೆ ಗುರಿಯಾದವರು, ತಮಗೆ ವಕೀಲರೇ ಇಲ್ಲದೆ ವಿಚಾರಣೆ ನಡೆಯಿತು ಎಂದು ಸುಪ್ರೀಂ ಕೋರ್ಟಿಗೆ ಹೋದರು. ಅಮೆರಿಕದ ಸುಪ್ರೀಂ ಕೋರ್ಟ್ 1932ರಲ್ಲಿ ಅಲಬಾಮಾದ ಕರಿಯ ತರುಣರ ಪ್ರಕರಣದಲ್ಲಿ, ವಕೀಲರಿಲ್ಲದೆ ವಿಧಿಸಿದ ಮರಣದಂಡನೆಯನ್ನು ರದ್ದುಮಾಡಿದ್ದನ್ನು ಅವರ ಪರ ಎತ್ತಿ ಹೇಳಲಾಯಿತು. ಜನಾರ್ದನ ರೆಡ್ಡಿ ಪ್ರಕರಣವೆಂದು ಹೆಸರಾದ 1951ರ ಆ ತೀರ್ಪು ಅಮೆರಿಕದ ನಿಯಮವನ್ನು ಇಲ್ಲಿಗೆ ಅನ್ವಯಿಸಲು ಒಪ್ಪಲಿಲ್ಲ. ವಕೀಲರಿಲ್ಲದ ಮಾತ್ರಕ್ಕೆ ವಿಚಾರಣೆ ತಾನಾಗಿಯೇ ಕೆಡುವುದಿಲ್ಲ, ಅದರಿಂದ ಅನ್ಯಾಯವಾಗಿದೆಯೇ ಎಂದು ಪ್ರಕರಣವಾರು ನೋಡಬೇಕು ಎಂದಿತು. ಅದೇ ವರ್ಷದ ತಾರಾ ಸಿಂಗ್ ಪ್ರಕರಣದಲ್ಲಿ, ಸಂಹಿತೆ ಕೊಟ್ಟಿರುವುದು ಆರೋಪಿ ಬಳಸಿಕೊಳ್ಳಬಹುದಾದ ಒಂದು ಅವಕಾಶವಷ್ಟೇ, ವಕೀಲರನ್ನು ಒದಗಿಸುವುದು ಮ್ಯಾಜಿಸ್ಟ್ರೇಟರ ಹೊಣೆಯಲ್ಲ ಎಂಬ ನಿಲುವು ಬಂತು.

ಕೊರಳಿಗೆ ಹಗ್ಗ ಬೀಳುವ ಪ್ರಕರಣದಲ್ಲೂ ‘ಕೇಳಿದ್ದೆಯಾ?’ ಎಂದು ಮರುಪ್ರಶ್ನೆ ಹಾಕುವ ನ್ಯಾಯಶಾಸ್ತ್ರ ಅದು. ಹೊಸ ಸಂವಿಧಾನವನ್ನು ಹಳೆಯ ಸಂಹಿತೆಯ ಕನ್ನಡಕದಿಂದ ಓದಿದ ಕಾಲ ಎಂದೇ ಅದನ್ನು ಕರೆಯಬೇಕು. ಬದಲಾವಣೆಯ ಬೀಜಗಳೂ ಆಗಲೇ ಬಿದ್ದಿದ್ದವು. ಎಂ.ಸಿ. ಸೆಟಲ್ವಾಡ್ ಅಧ್ಯಕ್ಷತೆಯ ಕಾನೂನು ಆಯೋಗ 1958ರ ತನ್ನ 14ನೇ ವರದಿಯಲ್ಲಿ ಬಡವರಿಗೆ ಕಾನೂನು ನೆರವು ಸರ್ಕಾರದ ಕರ್ತವ್ಯವೆಂದು ವಾದಿಸಿತು. 1966ರ ಶೋಭಾರಾಮ್ ಪ್ರಕರಣ, ಗ್ರಾಮದ ನ್ಯಾಯ ಪಂಚಾಯಿತಿಯಲ್ಲೂ ವಕೀಲರನ್ನು ಹೊರಗಿಡುವ ಕಾನೂನು 22(1)ನೇ ವಿಧಿಯೆದುರು ನಿಲ್ಲದು ಎಂದಿತು. 1973ರ ಸಂಹಿತೆಯ 304ನೇ ಪ್ರಕರಣ ಸೆಷನ್ಸ್ ವಿಚಾರಣೆಗಳಲ್ಲಿ ಬಡ ಆರೋಪಿಗೆ ಸರ್ಕಾರದ ಖರ್ಚಿನಲ್ಲಿ ವಕೀಲರನ್ನು ಗೊತ್ತುಮಾಡುವುದನ್ನು ಕಡ್ಡಾಯಗೊಳಿಸಿತು.

ಅಮೆರಿಕದಲ್ಲಿ ಅಷ್ಟರಲ್ಲಿ ಕ್ಲಾರೆನ್ಸ್ ಗಿಡಿಯನ್ ಎಂಬ ಬಡ ಕೈದಿಯ ಕತೆ ಮನೆಮಾತಾಗಿತ್ತು. ಫ್ಲಾರಿಡಾದ ಬಿಲಿಯರ್ಡ್ಸ್ ಕೋಣೆಯೊಂದಕ್ಕೆ ನುಗ್ಗಿ ಕದ್ದ ಆರೋಪ. ವಕೀಲರು ಬೇಕೆಂದು ಕೇಳಿದರೆ ಕೋರ್ಟ್ ಕೊಡಲಿಲ್ಲ. ಸೆರೆಮನೆಯಿಂದ ಪೆನ್ಸಿಲ್‌ನಲ್ಲಿ ಬರೆದ ಅರ್ಜಿಯ ಮೇಲೆ 1963ರಲ್ಲಿ ಆ ದೇಶದ ಸುಪ್ರೀಂ ಕೋರ್ಟ್ ಸರ್ವಾನುಮತದಿಂದ ಅವನ ಪರ ನಿಂತಿತು. ಮರುವಿಚಾರಣೆಯಲ್ಲಿ ಒಬ್ಬ ಸಮರ್ಥ ವಕೀಲರು ಅದೇ ಮುಖ್ಯ ಸಾಕ್ಷಿಗೆ ಪಾಟೀಸವಾಲು ಹಾಕಿದರು. ಜೂರಿ ಗಿಡಿಯನ್‌ನನ್ನು ಬಿಡುಗಡೆ ಮಾಡಿತು.

ತಿರುವು: 1978ರಿಂದ 1986

ಮೇನಕಾ ಗಾಂಧಿ ಪ್ರಕರಣದಲ್ಲಿ (ಜನವರಿ 1978) 21ನೇ ವಿಧಿಯ ‘ಪ್ರಕ್ರಿಯೆ’ ನ್ಯಾಯಯುತವೂ ಸಮಂಜಸವೂ ಆಗಿರಬೇಕೆಂದು ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಬಾಗಿಲು ತೆರೆಯಿತು. ಅದರೊಳಗೆ ಮೊದಲು ಕಾಲಿಟ್ಟ ಪ್ರಕರಣಕ್ಕೆ ಧಾರವಾಡದ ನಂಟಿದೆ. ಸೌರಾಷ್ಟ್ರ ವಿಶ್ವವಿದ್ಯಾಲಯದಲ್ಲಿ ರೀಡರ್ ಆಗಿದ್ದ ಎಂ.ಎಚ್. ಹೊಸ್ಕೋಟ್, ಮುಂಬೈನ ಬ್ಲಾಕ್ ತಯಾರಕರೊಬ್ಬರ ಬಳಿ ಹೋಗಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಉಬ್ಬು ಮುದ್ರೆ ಮಾಡಿಕೊಡಲು ಹೇಳಿ, ಅದಕ್ಕೆ ಕುಲಪತಿಗಳ ಕಚೇರಿಯ ಹೆಸರಿನ ಖೊಟ್ಟಿ ಪತ್ರ ತೋರಿಸಿದರೆಂಬುದು ಆರೋಪ. ಸೆಷನ್ಸ್ ನ್ಯಾಯಾಲಯ ಕೋರ್ಟ್ ಏಳುವವರೆಗಿನ ಸಾದಾ ಸಜೆ ಮತ್ತು ದಂಡ ವಿಧಿಸಿ ಬಿಟ್ಟಿತ್ತು. ಸರ್ಕಾರದ ಮೇಲ್ಮನವಿಯಲ್ಲಿ ಬಾಂಬೆ ಹೈಕೋರ್ಟ್ 1973ರ ನವೆಂಬರ್‌ನಲ್ಲಿ ಶಿಕ್ಷೆಯನ್ನು ಮೂರು ವರ್ಷಕ್ಕೆ ಏರಿಸಿತು. ಸುಪ್ರೀಂ ಕೋರ್ಟಿಗೆ ಅವರು ಬಂದದ್ದು ನಾಲ್ಕು ವರ್ಷ ಕಳೆದ ಮೇಲೆ. ತಡವೇಕೆ ಎಂದರೆ, ತೀರ್ಪಿನ ಪ್ರತಿಯೇ ತಮಗೆ ಸಿಕ್ಕಿರಲಿಲ್ಲ ಎಂದರು. ಸೆರೆಮನೆಯವರು ಕೊಟ್ಟಿದ್ದೇವೆ ಎಂದರು. ಕೊಟ್ಟದ್ದಕ್ಕೆ ಕೈದಿಯ ಸಹಿ ಮಾತ್ರ ಇರಲಿಲ್ಲ.

ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಆ ಸಹಿಯಿಲ್ಲದ ಕಾಗದದಲ್ಲಿ ಇಡೀ ವ್ಯವಸ್ಥೆಯ ಬಿರುಕನ್ನು ಕಂಡರು. ಶಿಕ್ಷೆಯಾದ ಕೈದಿಗೆ ತೀರ್ಪಿನ ಪ್ರತಿಯನ್ನು ತಡವಿಲ್ಲದೆ ಉಚಿತವಾಗಿ ಕೊಡಬೇಕು, ಸೆರೆಮನೆಯ ಅಧಿಕಾರಿ ಅದಕ್ಕೆ ಲಿಖಿತ ಸ್ವೀಕೃತಿ ಪಡೆಯಬೇಕು, ಕೈದಿಗೆ ವಕೀಲರನ್ನು ಇಡುವ ಶಕ್ತಿಯಿಲ್ಲದಿದ್ದರೆ ನ್ಯಾಯಾಲಯ ವಕೀಲರನ್ನು ಗೊತ್ತುಮಾಡಿ ಅವರ ಶುಲ್ಕವನ್ನು ಸರ್ಕಾರ ಭರಿಸಬೇಕು ಎಂದು ವಿಧಿಸಿದರು. ಇದು ದಾನವಲ್ಲ, ಸರ್ಕಾರದ ಕರ್ತವ್ಯ ಎಂಬುದು ತೀರ್ಪಿನ ಜೀವಾಳ. ಹೊಸ್ಕೋಟರ ಅರ್ಜಿಯೇನೋ ವಜಾ ಆಯಿತು. ಅವರು ಬಿಟ್ಟುಹೋದ ನಿಯಮ ಲಕ್ಷಾಂತರ ಕೈದಿಗಳಿಗೆ ದಕ್ಕಿತು.

ಮರುವರ್ಷ ಬಿಹಾರದ ಸರದಿ. ಪೊಲೀಸ್ ಅಧಿಕಾರಿಯಾಗಿದ್ದ ಕೆ.ಎಫ್. ರುಸ್ತುಂಜಿ 1979ರ ಜನವರಿಯಲ್ಲಿ ‘ಇಂಡಿಯನ್ ಎಕ್ಸ್‌ಪ್ರೆಸ್’ನಲ್ಲಿ ಬರೆದ ಲೇಖನಗಳನ್ನು ಹಿಡಿದು ವಕೀಲೆ ಪುಷ್ಪಾ ಕಪಿಲಾ ಹಿಂಗೋರಾಣಿ ಸುಪ್ರೀಂ ಕೋರ್ಟಿಗೆ ಹೋದರು. ತಮ್ಮ ಮೇಲಿನ ಆರೋಪಕ್ಕೆ ಕೊಡಬಹುದಾದ ಗರಿಷ್ಠ ಶಿಕ್ಷೆಗಿಂತ ಹೆಚ್ಚು ಕಾಲ ವಿಚಾರಣೆಯೇ ಇಲ್ಲದೆ ಒಳಗಿದ್ದವರ ಪಟ್ಟಿ ಅದು. ಹುಸೇನಾರಾ ಖಾತೂನ್ ಪ್ರಕರಣದಲ್ಲಿ ನ್ಯಾಯಮೂರ್ತಿ ಪಿ.ಎನ್. ಭಗವತಿ, ಬಡ ಆರೋಪಿಗೆ ವಕೀಲರನ್ನು ಕೊಡದ ಪ್ರಕ್ರಿಯೆ ನ್ಯಾಯಯುತ ಪ್ರಕ್ರಿಯೆಯೇ ಅಲ್ಲ, ಆದ್ದರಿಂದ ಉಚಿತ ಕಾನೂನು ನೆರವು 21ನೇ ವಿಧಿಯೊಳಗೇ ಇದೆ ಎಂದರು.

ಆಮೇಲೆ ಭಾಗಲ್ಪುರ. ಪೊಲೀಸರು ಸೂಜಿ ಚುಚ್ಚಿ ಆಸಿಡ್ ಸುರಿದು ಬಂಧಿತರ ಕಣ್ಣು ಕಳೆದ ಪ್ರಕರಣ. ಆ ಕುರುಡಾದವರನ್ನು ಮ್ಯಾಜಿಸ್ಟ್ರೇಟರ ಮುಂದೆ ತಂದಾಗ ವಕೀಲರು ಏಕಿರಲಿಲ್ಲ ಎಂದರೆ, ಅವರು ಕೇಳಿರಲಿಲ್ಲ ಎಂಬ ಉತ್ತರ ಬಂತು. ಖತ್ರಿ ಪ್ರಕರಣದ 1980ರ ಡಿಸೆಂಬರ್‌ನ ತೀರ್ಪು ಈ ಉತ್ತರವನ್ನು ತಳ್ಳಿಹಾಕಿತು. ಮೊದಲ ಸಲ ಮ್ಯಾಜಿಸ್ಟ್ರೇಟರ ಮುಂದೆ ನಿಂತ ಕ್ಷಣದಿಂದಲೇ ಹಕ್ಕು ಶುರು. ಹಕ್ಕಿದೆಯೆಂದು ತಿಳಿಸುವುದು ಮ್ಯಾಜಿಸ್ಟ್ರೇಟರ ಮತ್ತು ಸೆಷನ್ಸ್ ನ್ಯಾಯಾಧೀಶರ ಕರ್ತವ್ಯ. ಹಣವಿಲ್ಲ ಎಂದು ಸರ್ಕಾರ ನೆಪ ಹೇಳುವಂತಿಲ್ಲ. 1983ರ ಶೀಲಾ ಬರ್ಸೆ ಪ್ರಕರಣ ಒಂದು ಹೆಜ್ಜೆ ಹಿಂದಕ್ಕೆ, ಠಾಣೆಗೆ ಹೋಯಿತು: ಬಂಧಿಸಿದ ಕೂಡಲೇ ಪೊಲೀಸರು ಹತ್ತಿರದ ಕಾನೂನು ನೆರವು ಸಮಿತಿಗೆ ಸುದ್ದಿ ಮುಟ್ಟಿಸಬೇಕು.

ಇಷ್ಟಾದರೂ ಕೆಳಗಿನ ಕೋರ್ಟುಗಳಲ್ಲಿ ‘ಕೇಳಲಿಲ್ಲ’ ಎಂಬ ಮಾತು ಸಾಯಲಿಲ್ಲ. ಅರುಣಾಚಲ ಪ್ರದೇಶದಲ್ಲಿ ಸುಖ್ ದಾಸ್ ಎಂಬವರಿಗೆ ಬೆದರಿಕೆ ಒಡ್ಡಿದ ಆರೋಪದ ಮೇಲೆ ಎರಡು ವರ್ಷ ಶಿಕ್ಷೆಯಾಯಿತು, ವಕೀಲರಿರಲಿಲ್ಲ. ಅವರು ಅರ್ಜಿ ಹಾಕಿರಲಿಲ್ಲವಾದ್ದರಿಂದ ತಪ್ಪಿಲ್ಲ ಎಂದಿತು ಗುವಾಹಟಿ ಹೈಕೋರ್ಟ್. 1986ರಲ್ಲಿ ಸುಪ್ರೀಂ ಕೋರ್ಟ್ ಆ ಶಿಕ್ಷೆಯನ್ನೇ ರದ್ದುಮಾಡಿತು. ತನ್ನ ಹಕ್ಕೇನೆಂದು ಅರಿಯದ ಅನಕ್ಷರಸ್ಥ ಬಡವ ಅದನ್ನು ಕೇಳಲಿಲ್ಲವೆಂಬುದು ಅವನಿಗೇ ತಿರುಗುಬಾಣವಾಗಬಾರದು ಎಂಬುದು ಸಾರ. ತಾರಾ ಸಿಂಗ್ ಪ್ರಕರಣದ ನಿಲುವು ಅಲ್ಲಿಗೆ, 35 ವರ್ಷಗಳ ಬಳಿಕ, ತಲೆಕೆಳಗಾಯಿತು.

ಠಾಣೆಯೊಳಗೆ

ಹಕ್ಕು ಎಲ್ಲಿಂದ ಶುರುವಾಗುತ್ತದೆ ಎಂಬುದರಲ್ಲಿ ಭಾರತದ ಕಾನೂನು ಇನ್ನೂ ಪೂರ್ತಿ ಮನಸ್ಸು ಮಾಡಿಲ್ಲ. ಒಡಿಶಾದ ಮಾಜಿ ಮುಖ್ಯಮಂತ್ರಿ ನಂದಿನಿ ಸತ್ಪಥಿ ಪೊಲೀಸರ ಪ್ರಶ್ನಾವಳಿಗೆ ಉತ್ತರಿಸಲು ನಿರಾಕರಿಸಿದ ಪ್ರಕರಣದಲ್ಲಿ (1978) ಕೃಷ್ಣ ಅಯ್ಯರ್, ವಿಚಾರಣೆಯ ವೇಳೆ ವಕೀಲರು ಪಕ್ಕದಲ್ಲಿರುವುದನ್ನು ಪೊಲೀಸರು ತಡೆಯಬಾರದು ಎಂದಿದ್ದರು. 1996ರ ಡಿ.ಕೆ. ಬಸು ತೀರ್ಪಿನ 11 ಸೂತ್ರಗಳಲ್ಲಿ ಅದು ಕೊಂಚ ಕುಗ್ಗಿತು: ವಿಚಾರಣೆಯ ನಡುವೆ ವಕೀಲರನ್ನು ಕಾಣಬಹುದು, ಆದರೆ ಉದ್ದಕ್ಕೂ ಅಲ್ಲ. ಇದೇ ಮಾತು ಸಂಹಿತೆಯ 41ಡಿ ಪ್ರಕರಣವಾಗಿ, ಈಗ ಹೊಸ ಸಂಹಿತೆಯ 38ನೇ ಪ್ರಕರಣವಾಗಿ ನಿಂತಿದೆ. ಕಸ್ಟಮ್ಸ್‌ನಂಥ ಇಲಾಖೆಗಳು ಸಮನ್ಸ್ ಕೊಟ್ಟು ಕರೆಸಿಕೊಂಡವರಿಗೆ ಅಷ್ಟೂ ಇಲ್ಲ. ಅವರು ಇನ್ನೂ ಆರೋಪಿಗಳಲ್ಲ ಎಂದು 1992ರ ಪೂಲ್ ಪಾಂಡಿ ಪ್ರಕರಣ ಹೇಳಿತು. ಆರೋಪಿಯನ್ನಾಗಿ ಮಾಡುವ ಮಾತುಗಳು ಹೊರಬೀಳುವುದು ಆ ಕೋಣೆಯಲ್ಲೇ ಎಂಬುದನ್ನು ನೆನೆದರೆ, ಇದು ಈ ಹಕ್ಕಿನ ಅತ್ಯಂತ ತೆಳುವಾದ ಜಾಗ.

ಮುಂಬೈ ದಾಳಿಯ ಅಜ್ಮಲ್ ಕಸಬ್ ಪ್ರಕರಣದಲ್ಲಿ (ಆಗಸ್ಟ್ 2012) ಸುಪ್ರೀಂ ಕೋರ್ಟ್ ಈ ಎಳೆಗಳನ್ನು ಒಂದುಗೂಡಿಸಿತು. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಭಾರತದ ಸಾಕ್ಷ್ಯ ಕಾನೂನು 1872ರಿಂದಲೂ ಒಪ್ಪುವುದಿಲ್ಲವಾದ್ದರಿಂದ, ಪೊಲೀಸರು ಪ್ರಶ್ನಿಸುವ ಮುನ್ನವೇ ವಕೀಲರ ಹಕ್ಕನ್ನು ತಿಳಿಸಬೇಕೆಂಬ ಅಮೆರಿಕದ ನಿಯಮವನ್ನು ಹಾಗೆಯೇ ಎರವಲು ತರಬೇಕಿಲ್ಲ. ಆದರೆ ಮೊದಲ ಬಾರಿ ಹಾಜರಾದಾಗಲೇ, ವಕೀಲರನ್ನು ಪಡೆಯುವ ಹಕ್ಕಿದೆ, ಹಣವಿಲ್ಲದಿದ್ದರೆ ಸರ್ಕಾರ ಕೊಡುತ್ತದೆ ಎಂದು ಮ್ಯಾಜಿಸ್ಟ್ರೇಟರು ಬಾಯಿಬಿಟ್ಟು ಹೇಳಬೇಕು. ಹೇಳದವರ ಮೇಲೆ ಇಲಾಖಾ ಕ್ರಮ ಆಗಬೇಕು. ನ್ಯಾಯಾಲಯದ ವಿಚಾರಣೆಯ ಹಂತದಲ್ಲಿ ವಕೀಲರಿಲ್ಲದಿದ್ದರೆ ವಿಚಾರಣೆ ಕೆಡುತ್ತದೆ. ಅದಕ್ಕಿಂತ ಹಿಂದಿನ ಹಂತದಲ್ಲಿ ಇಲ್ಲದಿದ್ದರೆ, ಅದರಿಂದ ಪ್ರತಿರಕ್ಷಣೆಗೆ ನಿಜವಾದ ಹಾನಿ ಆಗಿದ್ದಾಗ ಮಾತ್ರ. ಇಡೀ ದೇಶ ಕಣ್ಣಾರೆ ಕಂಡ ಅಪರಾಧದ ಆರೋಪಿಗೂ ಕೆಳ ನ್ಯಾಯಾಲಯದಿಂದ ಸುಪ್ರೀಂ ಕೋರ್ಟಿನವರೆಗೆ ವಕೀಲರನ್ನು ಕೊಟ್ಟದ್ದು, ಅಲ್ಲಿ ರಾಜು ರಾಮಚಂದ್ರನ್ ಅವರಂಥ ಹಿರಿಯರು ಅಮಿಕಸ್ (ನ್ಯಾಯಾಲಯವೇ ನೆರವಿಗೆ ನೇಮಿಸಿಕೊಳ್ಳುವ ವಕೀಲರು) ಆಗಿ ವಾದಿಸಿದ್ದು ಈ ದೇಶದ ನ್ಯಾಯಾಂಗ ಹೆಮ್ಮೆಪಡಬೇಕಾದ ಸಂಗತಿ.

ಹೆಸರಿಗಿರುವ ವಕೀಲರು

ವಕಾಲತ್ತು ಕಡತದಲ್ಲಿದ್ದು ವಕೀಲರು ಕೋರ್ಟಿನಲ್ಲಿಲ್ಲದಿದ್ದರೆ? 1997ರ ಡಿಸೆಂಬರ್‌ನಲ್ಲಿ ದೆಹಲಿಯ ಬಸ್ಸಿನಲ್ಲಿ ನಡೆದ ಸ್ಫೋಟಕ್ಕೆ ಮರಣದಂಡನೆ ಪಡೆದ ಮೊಹಮ್ಮದ್ ಹುಸೇನ್ ಪ್ರಕರಣದಲ್ಲಿ 65 ಸಾಕ್ಷಿಗಳ ಪೈಕಿ 56 ಮಂದಿಯ ಹೇಳಿಕೆ ದಾಖಲಾಗುವಾಗ ಆರೋಪಿಯ ಪಕ್ಕದಲ್ಲಿ ವಕೀಲರಿರಲಿಲ್ಲ. 2012ರ ಜನವರಿಯಲ್ಲಿ ಶಿಕ್ಷೆ ರದ್ದಾಯಿತು. ಹಿಂದೆ ಕರ್ನಾಟಕ ಹೈಕೋರ್ಟಿನಲ್ಲಿದ್ದ ನ್ಯಾಯಮೂರ್ತಿ ಎಚ್.ಎಲ್. ದತ್ತು ಮತ್ತು ನ್ಯಾಯಮೂರ್ತಿ ಸಿ.ಕೆ. ಪ್ರಸಾದ್ ವಿಚಾರಣೆ ಕೆಟ್ಟಿದೆ ಎಂಬುದರಲ್ಲಿ ಒಮ್ಮತಕ್ಕೆ ಬಂದರೂ, ಮರುವಿಚಾರಣೆ ಬೇಕೇ ಎಂಬುದರಲ್ಲಿ ಭಿನ್ನರಾದರು. ಮೂವರ ಪೀಠ ಮರುವಿಚಾರಣೆಗೆ ಆದೇಶಿಸಿತು. ಅದರಲ್ಲಿ ಆತ ಸ್ಫೋಟದ ಆರೋಪದಿಂದ ಬಿಡುಗಡೆಯಾದ.

ಮಗುವೊಂದರ ಕೊಲೆಯ ಆರೋಪವಿದ್ದ ಮಧ್ಯಪ್ರದೇಶದ ಅನೋಖಿಲಾಲ್ ಪ್ರಕರಣದಲ್ಲಿ ವಕೀಲರಿದ್ದರು, ಸಮಯವಿರಲಿಲ್ಲ. 2013ರ ಫೆಬ್ರುವರಿಯಲ್ಲಿ ಕಾನೂನು ನೆರವಿನ ವಕೀಲರನ್ನು ನೇಮಿಸಿದ ದಿನವೇ ದೋಷಾರೋಪ ಹೊರಿಸಲಾಯಿತು. ಎರಡೇ ವಾರದಲ್ಲಿ ಮರಣದಂಡನೆ. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿ, ಜೀವಾವಧಿ ಅಥವಾ ಮರಣದಂಡನೆ ಬರಬಹುದಾದ ಪ್ರಕರಣಗಳಿಗೆ ಕನಿಷ್ಠ 10 ವರ್ಷ ಅನುಭವದ ವಕೀಲರೇ ಬೇಕು, ತಯಾರಿಗೆ ಸಾಮಾನ್ಯವಾಗಿ ಕನಿಷ್ಠ ಏಳು ದಿನ ಕೊಡಬೇಕು ಎಂದಿತು. ಆ ಆರೋಪಿ 2024ರಲ್ಲಿ ಖುಲಾಸೆಯಾದ. ಮೊದಲ ತೀರ್ಪು ಉಳಿದಿದ್ದರೆ ಏನಾಗುತ್ತಿತ್ತೆಂದು ಓದುಗರು ಊಹಿಸಬಹುದು. ಮಗುವಿನ ಮೇಲಿನ ಕ್ರೌರ್ಯದ ಪ್ರಕರಣದಲ್ಲಿ ಶೀಘ್ರ ನ್ಯಾಯ ಬೇಕೆಂದು ಜನ ಬಯಸುವುದು ಸಹಜ. ಅವಸರಕ್ಕೆ ಬಿದ್ದ ಕೋರ್ಟು ತಪ್ಪು ಮನುಷ್ಯನನ್ನು ಹಿಡಿದರೆ ಸತ್ತ ಮಗುವಿಗೂ ನ್ಯಾಯ ಸಿಕ್ಕಂತಾಗುವುದಿಲ್ಲ.

ವಕೀಲರೇ ಬಾರದಾಗ

ಭಾರತೀಯ ವಕೀಲರ ಪರಿಷತ್ತಿನ ನಿಯಮದ ಪ್ರಕಾರ, ತಕ್ಕ ಶುಲ್ಕ ಕೊಡುವ ಕಕ್ಷಿದಾರರ ಪ್ರಕರಣವನ್ನು ವಿಶೇಷ ಕಾರಣವಿಲ್ಲದೆ ವಕೀಲರು ನಿರಾಕರಿಸಬಾರದು. ಆರೋಪಿ ತಪ್ಪಿತಸ್ಥನೆಂಬ ಸ್ವಂತ ಅಭಿಪ್ರಾಯ ಅದಕ್ಕೆ ಅಡ್ಡಬರಬಾರದು. ಹೀಗಿದ್ದೂ, ಜನರ ಸಿಟ್ಟು ಕೆರಳಿದಾಗ ‘ಇವರ ಪರ ಯಾರೂ ವಕಾಲತ್ತು ಹಾಕಬಾರದು’ ಎಂದು ವಕೀಲರ ಸಂಘಗಳು ನಿರ್ಣಯ ಮಾಡುತ್ತವೆ. ಕೊಯಮತ್ತೂರಿನ ವಕೀಲರ ಸಂಘ ಪೊಲೀಸರ ಪರ ಯಾರೂ ನಿಲ್ಲಬಾರದೆಂದು ಗೊತ್ತುವಳಿ ಮಾಡಿದ್ದನ್ನು ಮುಂದಿಟ್ಟುಕೊಂಡು 2010ರ ಮೊಹಮ್ಮದ್ ರಫಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಇಂಥ ಎಲ್ಲ ನಿರ್ಣಯಗಳೂ ಅಸಿಂಧು ಎಂದು ಸಾರಿತು.

ಹತ್ತು ವರ್ಷವಾಗುವಷ್ಟರಲ್ಲಿ ಅದೇ ತೀರ್ಪನ್ನು ಕರ್ನಾಟಕದಲ್ಲಿ ಮತ್ತೆ ನೆನಪಿಸಬೇಕಾಯಿತು. 2020ರ ಫೆಬ್ರುವರಿಯಲ್ಲಿ ದೇಶದ್ರೋಹದ ಆರೋಪದ ಮೇಲೆ ಬಂಧಿತರಾದ ಮೂವರು ಕಾಶ್ಮೀರಿ ವಿದ್ಯಾರ್ಥಿಗಳ ಪರ ವಾದಿಸಬಾರದೆಂದು ಹುಬ್ಬಳ್ಳಿ ವಕೀಲರ ಸಂಘ ನಿರ್ಣಯಿಸಿತು. ಪ್ರಶ್ನೆ ಹೈಕೋರ್ಟಿಗೆ ಬಂತು; ಮುಖ್ಯ ನ್ಯಾಯಮೂರ್ತಿ ಅಭಯ್ ಎಸ್. ಓಕಾ ಅವರ ಪೀಠ ನಿರ್ಣಯವನ್ನು ತೀಕ್ಷ್ಣವಾಗಿ ಪ್ರಶ್ನಿಸಿ, ಬೆಂಗಳೂರಿನಿಂದ ಹೊರಟ ವಕೀಲರಿಗೆ ಪೊಲೀಸ್ ರಕ್ಷಣೆ ಕೊಡಲು ಹೇಳಿತು. ಜಾಮೀನು ಅರ್ಜಿಯೊಂದನ್ನು ಧಾರವಾಡದ ಕೋರ್ಟಿನಲ್ಲಿ ಸಲ್ಲಿಸಲು ಪೊಲೀಸರ ಕಾವಲು ಬೇಕಾಯಿತು ಎಂಬುದು ನಾಡಿನ ವಕೀಲಿ ವೃತ್ತಿಗೆ ಭೂಷಣವಲ್ಲ. ಅದೇ ವರ್ಷದ ಜನವರಿಯಲ್ಲಿ ಮೈಸೂರಿನಲ್ಲೂ ಹೀಗೆಯೇ ಸಂಘವೊಂದು ಹಿಂದೆಗೆದಾಗ, ರಾಜ್ಯದ ನಾನಾ ಕಡೆಯ ವಕೀಲರು ಹೋಗಿ ಆರೋಪಿ ಯುವತಿಯ ವಕಾಲತ್ತಿಗೆ ಸಾಲಾಗಿ ಸಹಿ ಹಾಕಿದ್ದನ್ನೂ ಇಲ್ಲಿ ದಾಖಲಿಸಬೇಕು.

ಮೇಲ್ಮನವಿ

ಶಿಕ್ಷೆಯಾದ ಮೇಲೂ ಹಕ್ಕು ಮುಗಿಯುವುದಿಲ್ಲ. ಖತ್ರಿ ಮತ್ತು ಸುಖ್ ದಾಸ್ ತೀರ್ಪುಗಳು ಆರ್ಥಿಕ ಅಪರಾಧದಂಥ ಕೆಲವು ಪ್ರಕರಣಗಳಿಗೆ ಉಚಿತ ನೆರವು ಬೇಡವಾಗಬಹುದು ಎಂದು ಒಂದು ಸಂದು ಬಿಟ್ಟಿದ್ದವು. 2012ರ ರಾಜು ಪ್ರಕರಣ ಅದನ್ನು ಮುಚ್ಚಿ, ಮೇಲ್ಮನವಿಯಲ್ಲೂ ವಕೀಲರಿದ್ದಾರೆಯೇ ಎಂದು ಹೈಕೋರ್ಟ್ ತಾನಾಗಿ ವಿಚಾರಿಸಬೇಕೆಂದಿತು. ಆದರೆ ತಾನು ನೇಮಿಸಿಕೊಂಡ ವಕೀಲರೇ ವಾಯಿದೆಯ ದಿನ ಬಾರದಿದ್ದರೆ? ಕರ್ನಾಟಕದಿಂದ ಹೋದ ಕೆ.ಎಸ್. ಪಾಂಡುರಂಗ ಪ್ರಕರಣದಲ್ಲಿ (2013) ಸುಪ್ರೀಂ ಕೋರ್ಟ್, ಹೈಕೋರ್ಟ್ ಕಡತ ನೋಡಿ ಮೇಲ್ಮನವಿಯನ್ನು ಗುಣಾವಗುಣದ ಮೇಲೆ ತೀರ್ಮಾನಿಸಬಹುದು, ಅಮಿಕಸ್ ನೇಮಿಸಲೇಬೇಕೆಂಬ ಕಟ್ಟುಪಾಡಿಲ್ಲ ಎಂದಿತು.

ಕನ್ನಡ ನಾಡಿನಲ್ಲಿ ಇನ್ನೊಂದು ತೊಡಕಿದೆ. ಕೆಳ ನ್ಯಾಯಾಲಯದಲ್ಲಿ ಸಾಕ್ಷಿ ಆಡಿದ್ದು ಕನ್ನಡ. ಹೈಕೋರ್ಟ್ ನಡೆಯುವುದು ಇಂಗ್ಲಿಷಿನಲ್ಲಿ. ತನ್ನ ಬದುಕಿನ ತೀರ್ಪನ್ನು ಓದಲಾರದ ಕೈದಿಗೆ ವಕೀಲರು ಅಕ್ಷರಶಃ ನಾಲಿಗೆ. ದೂರವೂ ಕಡಿಮೆಯದಲ್ಲ: 2008ರಲ್ಲಿ ಧಾರವಾಡ ಮತ್ತು ಕಲಬುರಗಿಯಲ್ಲಿ ಸಂಚಾರಿ ಪೀಠಗಳು ಬರುವ ತನಕ, ಬೀದರಿನ ಕೈದಿಯ ಮನೆಯವರು ವಕೀಲರನ್ನು ಕಾಣಲು ಸುಮಾರು 700 ಕಿ.ಮೀ. ದೂರದ ಬೆಂಗಳೂರಿಗೆ ಬರಬೇಕಿತ್ತು.

ಹಕ್ಕು ಇಲ್ಲದವರು

22(3)ನೇ ವಿಧಿ ಶತ್ರು ದೇಶದವರನ್ನೂ ಮುನ್ನೆಚ್ಚರಿಕೆ ಬಂಧನದಲ್ಲಿ ಇರುವವರನ್ನೂ ಈ ಹಕ್ಕಿನಿಂದ ಹೊರಗಿಡುತ್ತದೆ. ರಾಷ್ಟ್ರೀಯ ಭದ್ರತಾ ಕಾಯ್ದೆ, ಕರ್ನಾಟಕದ 1985ರ ಗೂಂಡಾ ಕಾಯ್ದೆ ಈ ಗುಂಪಿನವು. ಎ.ಕೆ. ರಾಯ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸಲಹಾ ಮಂಡಳಿಯ ಮುಂದೆ ವಕೀಲರ ಹಕ್ಕಿಲ್ಲ, ಆದರೆ ವಕೀಲರಲ್ಲದ ಸ್ನೇಹಿತರೊಬ್ಬರ ನೆರವು ಪಡೆಯಬಹುದು, ಸರ್ಕಾರ ಕಾನೂನು ತಜ್ಞರನ್ನು ತಂದರೆ ಬಂಧಿತನೂ ತರಬಹುದು ಎಂದು ಹೇಳಿತು. ಆರೋಪವೇ ಇಲ್ಲದೆ ಒಳಗಿರುವವನಿಗೆ ಆರೋಪಿಗಿಂತ ಕಡಿಮೆ ರಕ್ಷಣೆ ಎಂಬುದು ಸಂವಿಧಾನದಲ್ಲಿ ಉಳಿದಿರುವ ಕಹಿ. ಬೆಂಗಳೂರು ಅದನ್ನು ಹತ್ತಿರದಿಂದ ಕಂಡಿದೆ. 1975ರ ಜೂನ್ 26ರಂದು ಅಲ್ಲಿ ಬಂಧಿತರಾದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಮೊದಲಾದವರು ಹೈಕೋರ್ಟ್ ಮೆಟ್ಟಿಲೇರಿದಾಗ ಅವರ ಪರ ದುಡಿದ ವಕೀಲ ಎಂ. ರಾಮಾ ಜೋಯಿಸರನ್ನೂ ಸರ್ಕಾರ ಮುನ್ನೆಚ್ಚರಿಕೆ ಬಂಧನದ ಮೀಸಾ ಕಾಯ್ದೆಯಡಿ ಸೆರೆಮನೆಗೆ ತಳ್ಳಿತು.

ಇಂದಿನ ವ್ಯವಸ್ಥೆ

1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ 1995ರ ನವೆಂಬರ್ 9ರಂದು ಜಾರಿಗೆ ಬಂತು. ರಾಷ್ಟ್ರ, ರಾಜ್ಯ, ಜಿಲ್ಲೆ, ತಾಲ್ಲೂಕು ಹೀಗೆ ನಾಲ್ಕು ಹಂತಗಳಲ್ಲಿ ಅದರ ಸಂಸ್ಥೆಗಳಿವೆ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಹಾಗೂ ಬಂಧನದಲ್ಲಿರುವ ಯಾರೇ ಆದರೂ ವರಮಾನದ ಮಿತಿಯಿಲ್ಲದೆ ಉಚಿತ ವಕೀಲರಿಗೆ ಅರ್ಹರು. ಬಂಧಿತರ ಪರವಾಗಿ ಮನೆಯವರು ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಪ್ರಾಧಿಕಾರದ ಕಚೇರಿಯಲ್ಲಿ ಅರ್ಜಿ ಕೊಡಬಹುದು, 15100 ಸಂಖ್ಯೆಗೆ ಕರೆ ಮಾಡಬಹುದು. ಬಿಡಿ ಪ್ರಕರಣಕ್ಕೆ ಇಷ್ಟೆಂದು ಅಲ್ಪ ಶುಲ್ಕ ಪಡೆಯುವ ಪ್ಯಾನಲ್ ವಕೀಲರ ಪದ್ಧತಿಯ ದೋಷ ಕಂಡು, 2022ರಿಂದ ಜಿಲ್ಲೆಗಳಲ್ಲಿ ಪೂರ್ಣಾವಧಿ ಪ್ರತಿರಕ್ಷಣಾ ವಕೀಲರ ಕಚೇರಿಗಳನ್ನು ತೆರೆಯಲಾಗುತ್ತಿದೆ. ಇವರು ಖಾಸಗಿ ಪ್ರಕರಣ ಹಿಡಿಯುವಂತಿಲ್ಲ. ಸರ್ಕಾರಿ ಅಭಿಯೋಜಕರಿಗೆ ಎದುರಾಗಿ ಅದೇ ಕೋರ್ಟಿನಲ್ಲಿ ದಿನವೂ ಕೂರುವ ಇನ್ನೊಂದು ಕಚೇರಿ ಈ ದೇಶಕ್ಕೆ ಬಹಳ ಮೊದಲೇ ಬರಬೇಕಿತ್ತು.

ಹೊಸ ಸಂಹಿತೆಯ 341ನೇ ಪ್ರಕರಣ ಸೆಷನ್ಸ್ ವಿಚಾರಣೆಯ ಗಡಿ ದಾಟಿ, ಯಾವುದೇ ನ್ಯಾಯಾಲಯದ ವಿಚಾರಣೆ ಅಥವಾ ಮೇಲ್ಮನವಿಯಲ್ಲಿ ಬಡ ಆರೋಪಿಗೆ ವಕೀಲರನ್ನು ಕೊಡಬೇಕೆನ್ನುತ್ತದೆ. ಅದೇ ಸಂಹಿತೆಯ 356ನೇ ಪ್ರಕರಣ ತಲೆಮರೆಸಿಕೊಂಡ ಘೋಷಿತ ಅಪರಾಧಿಯ ಗೈರುಹಾಜರಿಯಲ್ಲೂ ವಿಚಾರಣೆ ನಡೆಸಲು ಬಿಡುತ್ತದೆ. ಅವನ ಪರ ಸರ್ಕಾರವೇ ವಕೀಲರನ್ನು ಕೊಡಬೇಕು. ಕಕ್ಷಿದಾರನ ಮುಖವನ್ನೇ ಕಾಣದ ಆ ವಕೀಲರು ಪಾಟೀಸವಾಲಿಗೆ ಯಾವ ಸಂಗತಿಯನ್ನು ಆಧಾರ ಮಾಡಿಕೊಳ್ಳಬೇಕೆಂಬ ಪ್ರಶ್ನೆಗೆ ನ್ಯಾಯಾಲಯಗಳು ಮುಂದೆ ಉತ್ತರ ಹುಡುಕಬೇಕಿದೆ.

2024ರ ಡಿಸೆಂಬರ್ 2ರಂದು ಸುಪ್ರೀಂ ಕೋರ್ಟ್ ಉತ್ತರ ಪ್ರದೇಶದ ಅಶೋಕ್ ಎಂಬವರ ಪ್ರಕರಣವನ್ನು ತೀರ್ಮಾನಿಸಿತು. ದೋಷಾರೋಪ ಹೊರಿಸುವಾಗಲೂ, ಮೊದಲ ಸಾಕ್ಷಿಗಳ ಮುಖ್ಯ ವಿಚಾರಣೆ ನಡೆಯುವಾಗಲೂ ಆತನಿಗೆ ವಕೀಲರಿರಲಿಲ್ಲ. ವರ್ಷಗಳ ಸೆರೆವಾಸದ ನಂತರ ಆತ ಬಿಡುಗಡೆಯಾದ. ಪೀಠದ ನೇತೃತ್ವ ವಹಿಸಿದ್ದವರು, ಹುಬ್ಬಳ್ಳಿ ಪ್ರಕರಣ ಕಂಡಿದ್ದ ಅದೇ ನ್ಯಾಯಮೂರ್ತಿ ಓಕಾ. ಮೊದಲು ಆರೋಪಿ, ಆಮೇಲೆ ನ್ಯಾಯಾಧೀಶರು ಎಂದು ಸಾಗಿಬಂದಿದ್ದ ಹೊಣೆ ಇಲ್ಲಿ ಮೂರನೆಯವರ ಹೆಗಲಿಗೂ ಬಿತ್ತು. ಎದುರಿನ ಆರೋಪಿಗೆ ವಕೀಲರಿಲ್ಲವೆಂದು ಕಂಡರೆ ಸರ್ಕಾರಿ ಅಭಿಯೋಜಕರೇ ಎದ್ದು ನ್ಯಾಯಾಧೀಶರ ಗಮನಕ್ಕೆ ತರಬೇಕು. ವಕೀಲರು ಬರುವ ತನಕ ತಮ್ಮ ಸಾಕ್ಷಿಯ ಮುಖ್ಯ ವಿಚಾರಣೆಯನ್ನು ಆರಂಭಿಸಬಾರದೆಂದು ಅವರೇ ಕೋರ್ಟಿಗೆ ಹೇಳಬೇಕು.